ಆರಂಭಶೂರ ಗರಗಸ

ಆರಂಭಶೂರ ಎಂಬ ಮಾತನ್ನು ಮನುಷ್ಯರಿಗೆ ಮಾತ್ರ ಅನ್ವಯಿಸುವುದು ನಮ್ಮ ವಾಡಿಕೆ. ಜೂನ್ ತಿಂಗಳಲ್ಲಿ ಹೊಸ ನೋಟುಪುಸ್ತಕದ ಮೊದಲ ಹಾಳೆಯ ಮೇಲೆ ಮುತ್ತು ಪೋಣಿಸಿದಂತೆ ಬರೆದು, ಆಗಸ್ಟ್ ತಿಂಗಳ ವೇಳೆಗೆ ಮನೆಗೆಲಸವನ್ನೇ ಬಿಟ್ಟುಬಿಡುವ ವಿದ್ಯಾರ್ಥಿಯನ್ನು ಕಂಡಾಗ ಉಪಾಧ್ಯಾಯರ ಬಾಯಿಗೆ ಈ ಮಾತು ತಾನಾಗಿಯೇ ಬರುತ್ತದೆ. ಆದರೆ ಯಂತ್ರಗಳಲ್ಲಿಯೂ ಆರಂಭಶೂರರುಂಟು. ಹಗ್ಗ ಎಳೆದೊಡನೆ ಆರ್ಭಟಿಸಿ ಎದ್ದು, ಕೆಲಸ ಹಿಡಿಯುವ ಮೊದಲೇ ನಿಂತುಬಿಡುವ ಅಂಥದೊಂದು ಯಂತ್ರದ ಪರಿಚಯ ನನಗೆ ಈ ವರ್ಷ ಆಯಿತು. ಮನುಷ್ಯನು ನಡುವೆ ನಿಂತರೆ ಸೋಮಾರಿಯೆಂದು ತೀರ್ಪು ಕೊಟ್ಟು ನಾವು ಸುಮ್ಮನಾಗಬಹುದು. ಯಂತ್ರವನ್ನು ಹಾಗೆ ಬೈದು ಪ್ರಯೋಜನವಿಲ್ಲ. ಅದು ನಿಂತಿತೆಂದರೆ ಕಾರಣ ಇದ್ದೇ ಇರಬೇಕು. ಆ ಕಾರಣವನ್ನು ಹುಡುಕಿಯೇ ತೀರಬೇಕು. ಹುಡುಕುವ ಕ್ರಮವೇನೆಂಬುದನ್ನು ವಿದ್ಯಾರ್ಥಿಮಿತ್ರರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ನಾನು ಬಾಡಿಗೆಗಿರುವ ಮನೆ ಅಬಿಡ್ಸ್‌ನ ಮುಖ್ಯ ಬೀದಿಯ ಹಿಂದಿನ ಒಂದು ಓಣಿಯಲ್ಲಿದೆ. ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲೀ ಖಾನರ ಸೇವೆಯಲ್ಲಿದ್ದ ಆಲ್ಬರ್ಟ್ ಆಬಿಡ್ ಎಂಬಾತನ ಅಂಗಡಿಯಿಂದ ಈ ಬಡಾವಣೆಗೆ ಹೆಸರು ಬಂದಿತೆಂಬುದನ್ನು ನೀವು ಹಿರಿಯರಿಂದ ಕೇಳಿರಬಹುದು. ದೊಡ್ಡ ಅಂಚೆ ಕಚೇರಿ, ನೆಹರೂ ಪ್ರತಿಮೆ, ಭಾನುವಾರ ಪಾದಚಾರಿ ದಾರಿಯ ಮೇಲೆ ಹರಡಿಕೊಳ್ಳುವ ಹಳೆಯ ಪುಸ್ತಕಗಳ ಸಂತೆ, ಇವೆಲ್ಲ ನಿಮಗೆ ಗೊತ್ತಿದ್ದವೇ. ಈ ಗದ್ದಲದ ಬೆನ್ನಿಗೆ ಇರುವ ಓಣಿಗಳಲ್ಲಿ, ಹಳೆಯ ಮನೆಗಳ ಅಂಗಳದಲ್ಲಿ, ಬೇವು ಗುಲ್‌ಮೊಹರ್ ಮರಗಳು ಇನ್ನೂ ಅಲ್ಲಲ್ಲಿ ಉಳಿದಿವೆ.

ಶಾಲೆ ತೆರೆದು ಒಂದು ವಾರವಾಗಿತ್ತು. ಒಂದು ರಾತ್ರಿ ಬಿರುಗಾಳಿ ಸಹಿತ ಮಳೆ ಹೊಯ್ದು, ನಮ್ಮ ಓಣಿಯ ನಡುವಿನ ಗುಲ್‌ಮೊಹರ್ ಮರ ಬುಡಸಹಿತ ಉರುಳಿ ದಾರಿಗೆ ಅಡ್ಡಲಾಗಿ ಬಿದ್ದಿತು. ಪುಣ್ಯವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಓಣಿಗೆ ಇನ್ನೊಂದು ಬಾಯಿ ಇಲ್ಲ. ಕೊನೆಯ ಮನೆಯ ಹಿರಿಯರೊಬ್ಬರಿಗೆ ಮರುದಿನ ಬೆಳಿಗ್ಗೆ ಡಯಾಲಿಸಿಸ್ ಆಗಬೇಕಾಗಿತ್ತು. ನಡೆದು ದಾಟುವ ಶಕ್ತಿ ಅವರಿಗಿರಲಿಲ್ಲ. ಒಂಬತ್ತು ಗಂಟೆಗೆ ಆಟೋ ಅವರ ಬಾಗಿಲಿಗೆ ಬಂದು ತೀರಬೇಕು. ನಗರದಲ್ಲೆಲ್ಲ ಮರಗಳು ಬಿದ್ದ ರಾತ್ರಿಯದು; ಸರದಿ ನಮ್ಮ ಓಣಿಗೆ ಬರುವುದು ಮಧ್ಯಾಹ್ನವೆಂದು ತಿಳಿಯಿತು. ಆಗ ನೆರೆಯವರು ಸೇರಿ, ಯಾದಗಿರಿಯ ಕಡೆಯಿಂದ ಬಂದು ನಗರದಲ್ಲಿ ಮರ ಕೊಯ್ಯುವ ಕೆಲಸ ಮಾಡಿಕೊಂಡಿರುವ ಒಬ್ಬ ವೃದ್ಧರನ್ನು ಕರೆಸಿದರು. ಹೆಗಲ ಮೇಲೆ ತಮ್ಮ ಎಂಜಿನ್ ಗರಗಸವನ್ನು ಹೊತ್ತು ಅವರು ಆರೂವರೆಗೇ ಬಂದರು.

ಅವರು ಹಗ್ಗವೆಳೆದರು. ಗರಗಸ ಗರ್ಜಿಸಿತು. ಹತ್ತು ಎಣಿಸುವಷ್ಟರಲ್ಲಿ ಬಿಕ್ಕಿ ನಿಂತಿತು. ಮತ್ತೆ ಎಳೆದರು, ಮತ್ತೆ ಅದೇ ಗತಿ. ಕನ್ನಡದವನೆಂದು ತಿಳಿದೊಡನೆ ಅವರು ನನ್ನ ಕಡೆ ತಿರುಗಿ ಹೇಳಿದರು: "ಚಾಲೂ ಆಗ್ತದ್ರಿ ಮಾಸ್ತರ್ರ, ಆದ್ರ ನಡ್ಯಂಗಿಲ್ಲ. ನಾಕ್ ದಿನ ಆತ್ರಿ, ಹಿಂಗೇ ಕಾಡ್ಲಿಕತ್ತದ. ಕಾರ್ಬ್ಯುರೇಟರ್ ಹೊಸಾದು ಹಾಕ್ಬೇಕಂತ ಅಂಗಡ್ಯಾಂವ ಹೇಳ್ಯಾನ."

ಹೊಸ ಕಾರ್ಬ್ಯುರೇಟರೆಂದರೆ ಅವರಿಗೆ ಎರಡು ದಿನದ ದುಡಿಮೆ. ಆ ನಾಲ್ಕು ದಿನ ಗರಗಸ ಸರಿಯಾಗಿ ನಡೆಯದೆ ಕೈಬಿಟ್ಟುಹೋದ ಕೂಲಿ ಬೇರೆ. "ಕಾಕಾ, ಅದಕ್ಕಿಂತ ಮೊದ್ಲು ಒಂದೀಟು ನಾವೇ ನೋಡೂಣ್ರಿ" ಎಂದೆ.

ನಾನು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್‌ವರೆಗೆ ಓದಿ, ಕನ್ನಡ ಕಲಿಸಲು ಈ ಊರಿಗೆ ಬಂದವನು. ಯಂತ್ರಶಾಸ್ತ್ರವನ್ನು ಯಾವ ಕಾಲೇಜಿನಲ್ಲಿಯೂ ಕಲಿತವನಲ್ಲ. ಆದರೆ ಸೇಡಂ ಕಡೆಯ ನಮ್ಮ ಹೊಲದಲ್ಲಿ ತೊಗರಿಗೆ ಔಷಧ ಹೊಡೆಯುವ, ಬೆನ್ನಿಗೆ ಕಟ್ಟಿಕೊಳ್ಳುವ ಪೆಟ್ರೋಲ್ ಪಂಪು ಒಂದಿತ್ತು. ನಮ್ಮ ಊರಲ್ಲಿ ಔಷಧಕ್ಕೆ ಎಣ್ಣಿ ಎನ್ನುವರಾದ್ದರಿಂದ ಅದು ಎಣ್ಣಿ ಪಂಪು. ಅದರ ಎಂಜಿನ್ನೂ ಗರಗಸದ ಎಂಜಿನ್ನೂ ಒಂದೇ ಜಾತಿಯವು. ನಮ್ಮ ತಂದೆ ಅದನ್ನು ಬಿಚ್ಚಿ ಕೂಡಿಸುವಾಗ ಹತ್ತಿರ ಕುಳಿತು ದೀಪ ಹಿಡಿದದ್ದೇ ನನ್ನ ವಿದ್ಯೆ. ಆ ಅರೆವಿದ್ಯೆಯ ಧೈರ್ಯದಿಂದ ನಾನು ಮಾಡಿದ ಮೊದಲ ಕೆಲಸವೇ ತಪ್ಪಾಯಿತು. ಸ್ಕ್ರೂಡ್ರೈವರ್ ಹಿಡಿದು ಕಾರ್ಬ್ಯುರೇಟರಿನ ಒಂದು ಸ್ಕ್ರೂ ತಿರುಗಿಸಿದೆ. ಅದುವರೆಗೆ ಹತ್ತು ಎಣಿಸುವ ತನಕವಾದರೂ ನಡೆಯುತ್ತಿದ್ದ ಯಂತ್ರ ಆಮೇಲೆ ಚಾಲೂ ಆಗುವುದನ್ನೂ ಬಿಟ್ಟಿತು! ಕಾಕಾ ಏನೂ ಅನ್ನಲಿಲ್ಲ. ಸ್ಕ್ರೂವಿನ ಮೂಲಸ್ಥಾನಕ್ಕೆ ತಾವು ಹಿಂದೆಯೇ ಹಚ್ಚಿಟ್ಟಿದ್ದ ಸುಣ್ಣದ ಗುರುತನ್ನು ತೋರಿಸಿ, ಅದಕ್ಕೆ ಸರಿಯಾಗಿ ತಿರುಗಿಸಿಕೊಂಡರು. ನಾನು ನಾಚಿ, ಕ್ರಮವಾಗಿ ಯೋಚಿಸತೊಡಗಿದೆ.

ಯಂತ್ರದ ಪರಿಚಯ

ನಮ್ಮ ಕಾರ್ಯಕ್ರಮವನ್ನು ಹೇಳುವ ಮೊದಲು ಈ ಯಂತ್ರದ ರಚನೆಯನ್ನು ಸಂಕ್ಷೇಪವಾಗಿ ತಿಳಿಯುವುದು ಅಗತ್ಯ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬ ಎಂಜಿನಿಯರು ೧೯೨೬ರಲ್ಲಿ ವಿದ್ಯುತ್ತಿನಿಂದ ನಡೆಯುವ ಸರಪಳಿ ಗರಗಸವನ್ನು ನಿರ್ಮಿಸಿದನು. ಅದರ ತೂಕ ೬೪ ಕಿಲೋಗ್ರಾಂ. ಹಿಡಿಯಲು ಇಬ್ಬರು ಬೇಕಾಗಿತ್ತು. ೧೯೨೯ರಲ್ಲಿ ಪೆಟ್ರೋಲಿನಿಂದ ನಡೆಯುವ ಗರಗಸ ಬಂದಿತು. ಸರಪಳಿಯ ಹಲ್ಲಿನ ಕಥೆ ಇನ್ನೂ ಸ್ವಾರಸ್ಯವಾದುದು. ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವವನು ೧೯೪೬ರಲ್ಲಿ ಒಂದು ಬೊಡ್ಡೆಯಲ್ಲಿ ಮರ ಕೊರೆಯುವ ಹುಳುವೊಂದನ್ನು ಕಂಡನು. ಅದು ತನ್ನ ಬಾಗಿದ ದವಡೆಗಳಿಂದ ಮರದ ಎಳೆಗೆ ಅಡ್ಡಲಾಗಿಯೂ ಉದ್ದಕ್ಕೂ ಸಲೀಸಾಗಿ ಕೊರೆಯುವುದನ್ನು ಗಮನಿಸಿ, ಆ ದವಡೆಯ ಆಕಾರವನ್ನೇ ಸರಪಳಿಯ ಹಲ್ಲಿಗೆ ಕೊಟ್ಟನು. ಇಂದಿನ ಬಹುತೇಕ ಸರಪಳಿಗಳು ಆ ಹುಳುವಿನ ಶಿಷ್ಯರೇ.

ಈ ಹಲ್ಲುಗಳನ್ನು ಓಡಿಸುವುದು ಎರಡು ಹೊಡೆತದ, ಎಂದರೆ ಟೂ ಸ್ಟ್ರೋಕ್ ಎಂಜಿನ್. ಹಳೆಯ ಸ್ಕೂಟರುಗಳಲ್ಲಿ ಇದ್ದುದೂ ಇದೇ. ಪೆಟ್ರೋಲ್ ಬಂಕಿನಲ್ಲಿ ಆಯಿಲ್ ಬೆರೆಸಿ ಹಾಕಿಸಿಕೊಳ್ಳುತ್ತಿದ್ದುದೂ, ಮುಂಜಾನೆ ಚಾಲೂ ಆಗದಿದ್ದರೆ ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ ಮತ್ತೆ ಕಿಕ್ ಹೊಡೆಯುತ್ತಿದ್ದುದೂ ನಿಮ್ಮ ತಂದೆ ತಾತಂದಿರಿಗೆ ನೆನಪಿರಬಹುದು. ಈ ಎಂಜಿನ್ನಿನಲ್ಲಿ ಪಿಸ್ಟನ್ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿದರೆ ಒಂದು ಸುತ್ತು. ಪ್ರತಿ ಸುತ್ತಿಗೂ ಒಂದು ಕಿಡಿ, ಒಂದು ಸ್ಫೋಟ. ಗರಗಸ ಪೂರ್ಣ ವೇಗದಲ್ಲಿ ನಿಮಿಷಕ್ಕೆ ೧೦,೦೦೦ಕ್ಕೂ ಮಿಕ್ಕಿ ಸುತ್ತುತ್ತದೆ. ೬೦ರಿಂದ ಭಾಗಿಸಿ ನೋಡಿ: ಒಂದು ಸೆಕೆಂಡಿಗೆ ೧೬೬ಕ್ಕಿಂತ ಹೆಚ್ಚು ಸ್ಫೋಟಗಳು. ಇಷ್ಟು ಸ್ಫೋಟಗಳಿಗೂ ನಾಲ್ಕು ಅನುಕೂಲಗಳು ಒಂದೇ ಸಮನೆ ಒದಗುತ್ತಿರಬೇಕು. ಇಂಧನ ಬರಬೇಕು, ಗಾಳಿ ಬರಬೇಕು, ಕಿಡಿ ಹಾರಬೇಕು, ಸುಟ್ಟ ಹೊಗೆ ಹೊರಗೆ ಹೋಗಬೇಕು. ಈ ನಾಲ್ಕರಲ್ಲಿ ಒಂದು ಕುಂಠಿತವಾದರೂ ಎಂಜಿನ್ ನಿಲ್ಲುತ್ತದೆ.

ಹಾಗಾದರೆ ಕೊರತೆಯಿದ್ದ ಎಂಜಿನ್ ಮೊದಲಿಗೆ ಚಾಲೂ ಆಗುವುದಾದರೂ ಹೇಗೆ? ಇದೇ ಈ ವಿಷಯದ ಮರ್ಮ. ಬಾವಿಯ ರಾಟೆ ಮುರಿದ ಮನೆಯನ್ನು ಊಹಿಸಿಕೊಳ್ಳಿ. ಬಿಂದಿಗೆಯಲ್ಲಿ ನಿನ್ನೆ ಸೇದಿಟ್ಟ ನೀರಿದೆ. ಮೊದಲು ಬಂದ ಅತಿಥಿಗೆ ಕುಡಿಯಲು ನೀರು ಸಿಗುತ್ತದೆ, ಎರಡನೆಯವನಿಗೂ ಸಿಕ್ಕೀತು, ಆಮೇಲೆ ಬಿಂದಿಗೆ ಬರಿದು. ಅಂತೆಯೇ ಕಾರ್ಬ್ಯುರೇಟರಿನ ಹೊಟ್ಟೆಯಲ್ಲಿ ತುಸು ಪೆಟ್ರೋಲ್ ಸದಾ ಉಳಿದಿರುತ್ತದೆ. ಚಾಲೂ ಮಾಡುವಾಗ ನಾವು ಚೋಕ್ ಎಳೆದು ಗಾಳಿಯ ದಾರಿಯನ್ನು ಮುಚ್ಚುವುದರಿಂದ ಆ ಪೆಟ್ರೋಲು ಬಲವಾಗಿ ಸೆಳೆಯಲ್ಪಟ್ಟು ಒಳಗೆ ಹೋಗುತ್ತದೆ. ಅಷ್ಟು ಮುಗಿಯುವ ತನಕ ಎಂಜಿನ್ ನಡೆಯುತ್ತದೆ. ಹೊಸದು ಬರದಿದ್ದರೆ ಅಲ್ಲಿಗೆ ಸಮಾಪ್ತಿ. ಆದ್ದರಿಂದ ಚಾಲೂ ಆಗುವುದು ಕೂಡಿಟ್ಟದ್ದರ ಬಲದಿಂದ, ನಡೆಯುತ್ತಿರುವುದು ನಿರಂತರ ಒದಗುವುದರ ಬಲದಿಂದ. ಒಮ್ಮೆ ಚಾಲೂ ಆಯಿತೆಂದರೆ ಪಿಸ್ಟನ್ನು ಸಿಲಿಂಡರು ಬಹುತೇಕ ಗಟ್ಟಿಯಾಗಿವೆ, ಕಿಡಿಯೂ ಹಾರುತ್ತಿದೆ ಎಂದರ್ಥ. ಹೆಚ್ಚಿನ ಸಂದೇಹಕ್ಕೆ ಪಾತ್ರವಾಗತಕ್ಕದ್ದು ಪೂರೈಕೆಯ ದಾರಿಗಳು.

ನಿಲ್ಲುವ ಹೊತ್ತೇ ಸಾಕ್ಷಿ

ವೈದ್ಯನು ರೋಗಿಯನ್ನು ಮೊದಲು ಕೇಳುವುದೇನು? "ನೋವು ಯಾವಾಗ ಬರುತ್ತದೆ? ಊಟಕ್ಕೆ ಮುಂಚೆಯೋ, ಆಮೇಲೋ?" ಗರಗಸವನ್ನೂ ಹೀಗೆಯೇ ಕೇಳಬೇಕು. ಅದು ಯಾವಾಗ ನಿಲ್ಲುತ್ತದೆಂಬುದರಲ್ಲಿಯೇ ಅರ್ಧ ಉತ್ತರವಿದೆ.

ಚೋಕ್ ಹಾಕಿರುವ ತನಕ ನಡೆದು, ತೆಗೆದೊಡನೆ ನಿಂತರೆ ಪೆಟ್ರೋಲ್ ಸಾಲದು ಎಂದರ್ಥ. ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ದಾರಿಯನ್ನು ನೋಡಬೇಕು. ಇದಕ್ಕೆ ವಿರುದ್ಧವಾಗಿ, ಚೋಕ್ ತೆಗೆಯಲು ಮರೆತು ನಡೆಸಿದರೆ ಪೆಟ್ರೋಲ್ ಅತಿಯಾಗಿ ಪ್ಲಗ್ ತೊಯ್ದು ನಿಲ್ಲುತ್ತದೆ. ಹೊಸಬರು ಮಾಡುವ ಸಾಮಾನ್ಯ ತಪ್ಪು ಇದು. ಆಕ್ಸಿಲರೇಟರ್ ಒತ್ತಿರುವಾಗ ನಡೆದು, ಬಿಟ್ಟೊಡನೆ ನಿಂತರೆ ಮಂದಗತಿಯ ಹೊಂದಾಣಿಕೆ ತಪ್ಪಿರುವ ಸಂಭವವುಂಟು. ಮಂದಗತಿಯಲ್ಲಿ ಚೆನ್ನಾಗಿದ್ದು, ರೇಸು ಕೊಟ್ಟೊಡನೆ ಉಸಿರುಗಟ್ಟಿದಂತೆ ಬಿಕ್ಕಿ ನಿಂತರೆ ಗಾಳಿಯ ಫಿಲ್ಟರ್, ಪೆಟ್ರೋಲ್ ಫಿಲ್ಟರ್, ಸೈಲೆನ್ಸರಿನ ಜಾಲರಿ ಈ ಮೂರರಲ್ಲಿ ಒಂದು ಕಟ್ಟಿಕೊಂಡಿರಬೇಕು. ಮಂದಗತಿಗೆ ಸಾಕಾಗುವ ಸಣ್ಣ ದಾರಿ ಪೂರ್ಣ ವೇಗಕ್ಕೆ ಸಾಲದು. ಗರಗಸವನ್ನು ಓರೆಮಾಡಿದಾಗ ಮಾತ್ರ ನಿಂತರೆ ಟ್ಯಾಂಕಿನಲ್ಲಿ ಪೆಟ್ರೋಲ್ ಕಡಮೆಯಿದೆಯೆಂದೋ, ಒಳಗಿನ ರಬ್ಬರ್ ಕೊಳವೆ ಬಿರಿದಿದೆಯೆಂದೋ ತಿಳಿಯಬೇಕು. ಕೆಲವು ನಿಮಿಷ ಚೆನ್ನಾಗಿ ನಡೆದು, ನಿಂತು, ಕೊಂಚ ವಿಶ್ರಾಂತಿಯ ಬಳಿಕ ಮತ್ತೆ ಚಾಲೂ ಆಗಿ, ಮತ್ತೆ ಅಷ್ಟೇ ಹೊತ್ತಿಗೆ ನಿಂತರೆ ಟ್ಯಾಂಕಿನ ಗಾಳಿರಂಧ್ರ ಮುಚ್ಚಿರಬಹುದು, ಇಲ್ಲವೇ ಕಿಡಿ ಕೊಡುವ ಕಾಯಿಲ್ ಬಿಸಿಯಾದಾಗ ಕೈಕೊಡುತ್ತಿರಬಹುದು.

ಈ ಪ್ರಶ್ನೆಗಳನ್ನು ಕೇಳದೆ ಸ್ಕ್ರೂ ತಿರುಗಿಸಿದ್ದು ನನ್ನ ತಪ್ಪು. ಹೊರಗಿನಿಂದ ಒಳಕ್ಕೆ, ಖರ್ಚಿಲ್ಲದುದರಿಂದ ಖರ್ಚಿನದಕ್ಕೆ, ಒಂದು ಸಲಕ್ಕೆ ಒಂದೇ ಬದಲಾವಣೆ: ಇದು ನಿಯಮ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಗುಣವಾದದ್ದು ಯಾವುದರಿಂದ, ಕೆಟ್ಟದ್ದು ಯಾವುದರಿಂದ ಎಂದು ತಿಳಿಯುವ ಬಗೆ ಇಲ್ಲ.

ಪರೀಕ್ಷೆಯ ಕ್ರಮ

ಎಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಸರಪಳಿಯ ಬ್ರೇಕ್ ಹಾಕಿ, ಪ್ಲಗ್ಗಿನ ಟೋಪಿಯನ್ನು ಕಿತ್ತಿಟ್ಟು ನಾವು ಕೆಲಸಕ್ಕೆ ತೊಡಗಿದೆವು.

ಮೊದಲನೆಯದು ಪೆಟ್ರೋಲು. ಕಾಕಾ ಅದನ್ನು ಹಿಂದಿನ ದಿನವೇ ಬೆರೆಸಿದ್ದರು. ತುಸುವನ್ನು ಗಾಜಿನ ಲೋಟಕ್ಕೆ ಸುರಿದು ನೋಡಿದೆವು. ತಳದಲ್ಲಿ ನೀರು ಬೇರೆಯಾಗಿ ನಿಂತಿರಲಿಲ್ಲ, ಕಸವಿರಲಿಲ್ಲ, ಹಳಸಿದ ವಾಸನೆಯೂ ಇರಲಿಲ್ಲ. ಇದು ಪರಿಶುದ್ಧ.

ಎರಡನೆಯದು ಗಾಳಿಯ ಫಿಲ್ಟರ್. ಮುಚ್ಚಳ ತೆಗೆದೊಡನೆ ಒಂದು ಅಪರಾಧಿ ಸಿಕ್ಕಿತು. ನುಣ್ಣನೆಯ ಮರದ ಹೊಟ್ಟು ಎಣ್ಣೆಯೊಡನೆ ಸೇರಿ ಫಿಲ್ಟರಿನ ಮೇಲೆ ರೊಟ್ಟಿಯಂತೆ ಕಟ್ಟಿಕೊಂಡಿತ್ತು. ಅದನ್ನು ತಟ್ಟಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಸಾಬೂನಿನ ಬೆಚ್ಚನೆಯ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಕೂಡಿಸಿದೆವು. ಹಗ್ಗ ಎಳೆದಾಗ ಗರಗಸ ಎದ್ದಿತು. ಹತ್ತು ಎಣಿಸಿದರೂ ನಿಲ್ಲಲಿಲ್ಲ. ಸುತ್ತಲಿನ ಮಕ್ಕಳು ಚಪ್ಪಾಳೆ ತಟ್ಟಿದರು. ಕಾಕಾ ನಾಲ್ಕು ಕೊಂಬೆಗಳನ್ನು ಕೊಯ್ದರು. ಸುಮಾರು ನಾಲ್ಕು ನಿಮಿಷವಾಗಿರಬೇಕು. ಗರಗಸ ಮತ್ತೆ ಬಿಕ್ಕಿತು, ನಿಂತಿತು. ಚಪ್ಪಾಳೆಯೂ ನಿಂತಿತು. ಗಡಿಯಾರ ಎಂಟು ದಾಟಿತ್ತು.

ಇಲ್ಲಿ ಒಂದು ಮಾತನ್ನು ಹೇಳಬೇಕು. ಒಂದು ರೋಗಕ್ಕೆ ಒಂದೇ ಕಾರಣವೆಂದು ನಂಬುವುದು ನಮ್ಮ ಬುದ್ಧಿಯ ಸೋಮಾರಿತನ. ಒಂದು ದೋಷ ಸಿಕ್ಕೊಡನೆ ಹುಡುಕುವುದನ್ನು ನಿಲ್ಲಿಸುತ್ತೇವೆ. ಆಮೇಲೂ ಯಂತ್ರ ನಿಂತರೆ, ಮೊದಲು ಕಂಡದ್ದು ದೋಷವೇ ಅಲ್ಲವೆಂದು ತಿಳಿಯುತ್ತೇವೆ. ಎರಡೂ ತಪ್ಪು. ಹತ್ತು ಎಣಿಸುವಷ್ಟು ಹೊತ್ತು ನಾಲ್ಕು ನಿಮಿಷವಾಗಿತ್ತು. ಎಂದರೆ ಒಂದು ದೋಷ ನಿವಾರಣೆಯಾಗಿ, ಅದರ ಹಿಂದೆ ಅಡಗಿದ್ದ ಇನ್ನೊಂದು ಈಗ ಮುಖ ತೋರಿಸಿತ್ತು.

ಈಗಿನ ಲಕ್ಷಣವಾದರೂ ಏನು? ಕೆಲವು ನಿಮಿಷ ನಡೆದು ನಿಲ್ಲುವುದು. ಆಗ ನನಗೆ ತಂದೆ ನಮ್ಮ ಎಣ್ಣಿ ಪಂಪಿನ ಮುಚ್ಚಳಕ್ಕೆ ಕಿವಿಯಿಟ್ಟು ಆಲಿಸುತ್ತಿದ್ದುದು ನೆನಪಾಯಿತು. ಗರಗಸವನ್ನು ನೆಲದ ಮೇಲಿಟ್ಟು, ತಣ್ಣಗಾದ ಮೇಲೆ, ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದೆವು. "ಸುಯ್" ಎಂದು ಹೊರಗಿನ ಗಾಳಿ ಒಳಕ್ಕೆ ನುಗ್ಗಿತು. ಮುಚ್ಚಳ ಬಿಗಿದು ಹಗ್ಗವೆಳೆದರೆ ಒಂದೇ ಏಟಿಗೆ ಚಾಲೂ! ಕಾಯಿಲ್ ಕೆಟ್ಟಿದ್ದರೆ ಮುಚ್ಚಳ ತೆಗೆದದ್ದರಿಂದ ಏನೂ ಆಗುತ್ತಿರಲಿಲ್ಲ, ಗಾಳಿ ನುಗ್ಗುವ ಸದ್ದೂ ಬರುತ್ತಿರಲಿಲ್ಲ. ದೋಷ ಗಾಳಿರಂಧ್ರದಲ್ಲಿಯೇ ಎಂಬುದು ಖಚಿತವಾಯಿತು.

ಇದರ ತತ್ತ್ವವನ್ನು ಮಕ್ಕಳು ಅಡಿಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಸೀಲು ಹಾಕಿದ ಎಣ್ಣೆಯ ಡಬ್ಬಿಗೆ ಒಂದೇ ತೂತು ಹಾಕಿ ಬಗ್ಗಿಸಿರಿ. ಎಣ್ಣೆ ಸ್ವಲ್ಪ ಬಂದು ಗುಳುಗುಳು ಎಂದು ತಡೆಯುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಹಾಕಿದೊಡನೆ ಧಾರೆ ಸರಾಗವಾಗುತ್ತದೆ. ಹೊರಗೆ ಹೋದ ಎಣ್ಣೆಯ ಸ್ಥಳವನ್ನು ತುಂಬಲು ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಒಳಗಿನ ಒತ್ತಡ ಇಳಿದು, ಹೊರಗಿನ ವಾಯುಭಾರವು ಎಣ್ಣೆಯನ್ನು ತಡೆದು ಹಿಡಿಯುತ್ತದೆ. ಗರಗಸದ ಟ್ಯಾಂಕಿಗೂ ಇದೇ ನ್ಯಾಯ. ಪೆಟ್ರೋಲ್ ಖರ್ಚಾದಂತೆ ಗಾಳಿ ಒಳಬರಲೆಂದು ಅದಕ್ಕೆ ಸಣ್ಣದೊಂದು ರಂಧ್ರವಿರುತ್ತದೆ. ಕೆಲವು ಗರಗಸಗಳಲ್ಲಿ ಅದು ಮುಚ್ಚಳದಲ್ಲಿಯೇ ಇದ್ದರೆ, ಕೆಲವದರಲ್ಲಿ ಟ್ಯಾಂಕಿನ ಪಕ್ಕದಲ್ಲಿ ಪ್ರತ್ಯೇಕವಾಗಿರುತ್ತದೆ. ಕಾಕಾರವರ ಗರಗಸದಲ್ಲಿ ಆ ರಂಧ್ರದ ಬಾಯಿಗೆ ಎಣ್ಣೆಹೊಟ್ಟು ಮೆತ್ತಿ ಗಟ್ಟಿಯಾಗಿತ್ತು. ಬ್ರಷ್ಷಿಗೆ ತುಸು ಪೆಟ್ರೋಲ್ ಸೋಕಿಸಿ ಅದನ್ನು ಕರಗಿಸಿ ತೆಗೆದೆವು. ಸೂಜಿ ತಂತಿ ಹಾಕಿ ಚುಚ್ಚಲಿಲ್ಲ. ಒಳಗೆ ಪುಟ್ಟ ಕವಾಟವಿರುವುದರಿಂದ ಚುಚ್ಚಿದರೆ ಅದು ಹರಿದು, ಗರಗಸ ಓರೆಯಾದಾಗ ಪೆಟ್ರೋಲ್ ಸೋರತೊಡಗುತ್ತದೆ.

ಈ ಸಲ ಗರಗಸ ನಾಲ್ಕು ನಿಮಿಷ ಕಳೆದರೂ ನಿಲ್ಲಲಿಲ್ಲ, ಹತ್ತು ನಿಮಿಷ ಕಳೆದರೂ ನಿಲ್ಲಲಿಲ್ಲ. ದಾರಿಗೆ ಅಡ್ಡವಾಗಿದ್ದ ಕಾಂಡ ಮೂರು ತುಂಡಾಗಿ ಪಕ್ಕಕ್ಕೆ ಉರುಳಿತು. ಒಂಬತ್ತಕ್ಕೆ ಐದು ನಿಮಿಷವಿರುವಾಗ ಆಟೋ ಕೊನೆಯ ಮನೆಯ ಬಾಗಿಲಿಗೆ ಹೋಯಿತು.

ನಮ್ಮ ಹುಡುಕಾಟ ಅಲ್ಲಿಗೇ ಮುಗಿಯದಿದ್ದರೆ ಮುಂದೆ ನೋಡಬೇಕಾಗಿದ್ದ ಅಂಗಗಳನ್ನೂ ಹೇಳಿಬಿಡುತ್ತೇನೆ. ಟ್ಯಾಂಕಿನೊಳಗೆ ರಬ್ಬರ್ ಕೊಳವೆಯ ತುದಿಯಲ್ಲಿ ತೂಕವುಳ್ಳ ಪುಟ್ಟ ಫಿಲ್ಟರ್ ಇರುತ್ತದೆ. ಕೊಕ್ಕೆಯಂತೆ ಬಗ್ಗಿಸಿದ ತಂತಿಯಿಂದ ಅದನ್ನು ಹೊರಗೆಳೆದು ನೋಡಬಹುದು. ಕಪ್ಪಾಗಿ ಕಟ್ಟಿಕೊಂಡಿದ್ದರೆ ಬದಲಾಯಿಸುವುದೇ ಲೇಸು. ಕೊಳವೆ ಬಿರಿದಿದ್ದರೆ ಪೆಟ್ರೋಲಿನ ಬದಲು ಗಾಳಿಯನ್ನು ಹೀರುತ್ತದೆ. ಆಮೇಲೆ ಪ್ಲಗ್. ಅದರ ಮೂತಿ ಚಹಾದ ಬಣ್ಣವಿದ್ದರೆ ಆರೋಗ್ಯ; ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲ್ ಅತಿಯಾಗಿದೆ ಅಥವಾ ಗಾಳಿ ಕಡಮೆಯಾಗಿದೆ; ಬಿಳಿಚಿಕೊಂಡು ಒಣಗಿದ್ದರೆ ಪೆಟ್ರೋಲ್ ಸಾಲದು. ಬಹುಪಾಲು ಗರಗಸಗಳ ಪ್ಲಗ್ಗಿನಲ್ಲಿ ಕಿಡಿ ಹಾರುವ ಅಂತರ ೦.೫ ಮಿಲಿಮೀಟರ್ ಇರಬೇಕು. ಸೈಲೆನ್ಸರಿನ ಬಾಯಲ್ಲಿ ಕಿಡಿ ಹೊರಬೀಳದಂತೆ ತಡೆಯುವ ತಂತಿಯ ಜಾಲರಿ ಇರುವುದುಂಟು. ಅದಕ್ಕೆ ಮಸಿ ಕಟ್ಟಿದರೆ ಒಲೆಯ ಹೊಗೆಗೂಡು ಮುಚ್ಚಿದಂತೆ. ಇವೆಲ್ಲ ಸರಿಯಿದ್ದ ಮೇಲೆಯೇ ಕಾರ್ಬ್ಯುರೇಟರಿನ ಸರದಿ.

ಸ್ಕೂಟರಿನ ಕಾರ್ಬ್ಯುರೇಟರಿನಲ್ಲಿ ತೇಲುವ ಬುರುಡೆಯೊಂದು ಪೆಟ್ರೋಲಿನ ಮಟ್ಟವನ್ನು ಕಾಯುತ್ತದೆ. ಗರಗಸವನ್ನಾದರೋ ಅಡ್ಡಲಾಗಿ, ತಲೆಕೆಳಗಾಗಿ ಹೇಗೆಂದರೆ ಹಾಗೆ ಹಿಡಿಯಬೇಕಾಗುವುದರಿಂದ ತೇಲುಬುರುಡೆ ಅಲ್ಲಿ ನಡೆಯದು. ಅದಕ್ಕೆ ಬದಲಾಗಿ ತೆಳ್ಳನೆಯ ಪೊರೆಗಳಿವೆ. ಎಂಜಿನ್ನಿನ ಮಿಡಿತಕ್ಕೆ ತಕ್ಕಂತೆ ಅವು ಅಲುಗಿ, ಎದೆಬಡಿತದಂತೆ ಪೆಟ್ರೋಲನ್ನು ಸೆಳೆದು ಅಳೆದು ಕೊಡುತ್ತವೆ. ವರ್ಷಗಳು ಕಳೆದಂತೆ ಪೊರೆ ಹಪ್ಪಳದಂತೆ ಸೆಟೆದುಕೊಂಡರೆ ಈ ಮಿಡಿತ ತಪ್ಪುತ್ತದೆ. ಪೊರೆಯನ್ನು ಬದಲಿಸಬಹುದು, ಇಡೀ ಕಾರ್ಬ್ಯುರೇಟರನ್ನೇ ಎಸೆಯಬೇಕಾಗಿಲ್ಲ. ಈ ಕೆಲಸವನ್ನೂ, ಕಾಯಿಲ್ ಬದಲಿಸುವುದನ್ನೂ, ಎಂಜಿನ್ನಿನ ಸೀಲುಗಳು ಸೋರುವುದನ್ನು ಪರೀಕ್ಷಿಸುವುದನ್ನೂ ಬಲ್ಲ ಮೆಕ್ಯಾನಿಕರಿಗೆ ಬಿಡತಕ್ಕದ್ದು.

ಸ್ಕ್ರೂವಿನಿಂದ ಆರಂಭಿಸಬಾರದೇಕೆಂದರೆ, ಎರಡು ಹೊಡೆತದ ಎಂಜಿನ್ನಿಗೆ ಪೆಟ್ರೋಲಿನೊಡನೆ ಬೆರೆತು ಬರುವ ಆಯಿಲೊಂದೇ ಸ್ನಿಗ್ಧತೆಯ ಆಧಾರ. ಸ್ಕ್ರೂ ತಿರುಗಿಸಿ ಪೆಟ್ರೋಲನ್ನು ಕಡಮೆ ಮಾಡಿದರೆ ಆಯಿಲೂ ಕಡಮೆಯಾಗುತ್ತದೆ. ಪಿಸ್ಟನ್ ಬಿಸಿಯೇರಿ ಸಿಲಿಂಡರಿಗೆ ಕಚ್ಚಿಕೊಂಡರೆ ಯಂತ್ರದ ಆಯುಷ್ಯವೇ ಮುಗಿಯಿತು. ಕಸ ತುಂಬಿದ ಫಿಲ್ಟರಿಗೆ ಹೊಂದುವಂತೆ ಸ್ಕ್ರೂ ತಿರುಗಿಸುವುದು, ಕಾಲಿಗೆ ಮುಳ್ಳು ಚುಚ್ಚಿದವನು ಮುಳ್ಳು ತೆಗೆಯದೆ ಕುಂಟುವುದನ್ನು ಅಭ್ಯಾಸ ಮಾಡಿದಂತೆ.

ಇಂಧನದ ಎಚ್ಚರ

ನಮ್ಮ ಕಾಲದಲ್ಲಿ ಇಂಧನದ ವಿಷಯವಾಗಿ ಹೆಚ್ಚಿನ ಎಚ್ಚರ ಬೇಕಾಗಿದೆ. ನೂರಕ್ಕೆ ಇಪ್ಪತ್ತು ಪಾಲು ಇಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟ ಭಾರತದಲ್ಲಿ ೨೦೨೩ರ ಫೆಬ್ರವರಿಯಲ್ಲಿ ಆರಂಭವಾಗಿ, ೨೦೨೫ರ ವೇಳೆಗೆ ದೇಶವನ್ನೆಲ್ಲ ವ್ಯಾಪಿಸಿತು. ಕಬ್ಬಿನ ಕಾಕಂಬಿಯಿಂದಲೂ ಧಾನ್ಯದಿಂದಲೂ ತಯಾರಾಗುವ ಈ ಇಥನಾಲಿಗೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವುಂಟು. ತೇವ ಹೆಚ್ಚಿದರೆ ಇಥನಾಲೂ ನೀರೂ ಒಂದಾಗಿ ತಳಕ್ಕಿಳಿಯುತ್ತವೆ. ಟ್ಯಾಂಕಿನ ತಳದಿಂದ ಹೀರುವ ಗರಗಸಕ್ಕೆ ಮೊದಲು ಸಿಗುವುದೇ ಅದು. ಹಳೆಯ ಮಾದರಿಯ ರಬ್ಬರ್ ಕೊಳವೆಗಳನ್ನೂ ಪೊರೆಗಳನ್ನೂ ಅದು ಕೆಡಿಸುವುದುಂಟು. ಆದ್ದರಿಂದ ಮೂರು ನಾಲ್ಕು ವಾರಗಳಿಗೆ ಬೇಕಾಗುವಷ್ಟನ್ನೇ ಬೆರೆಸಿ, ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ಗರಗಸವನ್ನು ಬಹುಕಾಲ ಕಟ್ಟಿಡುವುದಾದರೆ ಟ್ಯಾಂಕ್ ಬರಿದುಮಾಡಿ, ಉಳಿದ ಪೆಟ್ರೋಲ್ ತೀರುವ ತನಕ ನಡೆಸಿ ಇಡಬೇಕು. ಆಯಿಲಿನ ಪ್ರಮಾಣವನ್ನು ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ನೋಡಿಯೇ ಬೆರೆಸಬೇಕು. ಐವತ್ತಕ್ಕೆ ಒಂದು ಎಂದಿದ್ದರೆ ಒಂದು ಲೀಟರಿಗೆ ೨೦ ಮಿಲಿಲೀಟರ್. ಇಪ್ಪತ್ತೈದಕ್ಕೆ ಒಂದು ಎಂದಿದ್ದರೆ ೪೦ ಮಿಲಿಲೀಟರ್. ಅಂದಾಜಿನ ಮೇಲೆ ಸುರಿಯುವುದು ಸಲ್ಲದು.

ಎರಡು ಎಚ್ಚರಿಕೆಗಳು

ವಿದ್ಯಾರ್ಥಿಗಳು ಈ ಲೇಖನವನ್ನು ಓದಿ ಗರಗಸ ಹಿಡಿಯಲು ಹೊರಡಬಾರದು. ಅದರ ಪಟ್ಟಿಯ ತುದಿ 
ಗಟ್ಟಿಯಾದುದೊಂದಕ್ಕೆ ತಾಗಿದರೆ ಗರಗಸ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹಿಡಿದವನ ಮುಖದ ಕಡೆಗೇ ಹಾರುತ್ತದೆ. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹಾಕಬಾರದು. ಹಾಕಿದ ಜಾಗದಿಂದ ಮೂರು ಮೀಟರಾದರೂ ದೂರ ಸರಿದು ಚಾಲೂ ಮಾಡಬೇಕು. ಮಂದಗತಿಯಲ್ಲಿ ಸರಪಳಿ ತಿರುಗುತ್ತಿದ್ದರೆ ಆ ಗರಗಸವನ್ನು ಮುಟ್ಟಲೇಬಾರದು. ಆ ದಿನ ಚಪ್ಪಾಳೆ ತಟ್ಟಿದ ಮಕ್ಕಳನ್ನು ನಾವು ಮನೆಗಳ ಜಗಲಿಯ ಮೇಲೆಯೇ ನಿಲ್ಲಿಸಿದ್ದೆವು.

ಎರಡನೆಯ ಎಚ್ಚರಿಕೆ ಮರದ ಪರವಾದದ್ದು. ಬಿದ್ದ ಮರವನ್ನು ತೆರವು ಮಾಡುವುದು ಉಪಕಾರ; ನಿಂತ ಮರವನ್ನು ಮನಬಂದಂತೆ ಉರುಳಿಸುವುದು ಅಪರಾಧ. ಅದಕ್ಕೆ ಅನುಮತಿ ಪಡೆಯಬೇಕೆಂದು ೨೦೦೨ರ ಜಲ, ಭೂಮಿ ಮತ್ತು ವೃಕ್ಷ ಕಾಯಿದೆ ವಿಧಿಸುತ್ತದೆ. ೧೯೦೮ನೆಯ ಇಸವಿ ಸೆಪ್ಟೆಂಬರ್ ೨೮ರಂದು ಮೂಸಿ ನದಿ ಉಕ್ಕಿ ನಗರವನ್ನು ಮುಳುಗಿಸಿದಾಗ, ಈಗ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಯ ಮರವನ್ನೇರಿ ಸುಮಾರು ನೂರೈವತ್ತು ಜನ ಬದುಕಿಕೊಂಡರೆಂದು ಹೇಳುತ್ತಾರೆ. ಅಬಿಡ್ಸ್‌ನಿಂದ ಅಲ್ಲಿಗೆ ದೂರವೇನೂ ಇಲ್ಲ. ಒಮ್ಮೆ ಹೋಗಿ ನೋಡಿ ಬನ್ನಿರಿ.

ಕೆಲಸ ಮುಗಿದ ಮೇಲೆ ಕಾಕಾ ನಮ್ಮ ಜಗಲಿಯ ಮೇಲೆ ಕುಳಿತು ಚಹಾ ಕುಡಿದರು. ಕಾರ್ಬ್ಯುರೇಟರಿನ ಹಣ ಉಳಿಯಿತೆಂದು ನಾನು ಹೇಳಿದಾಗ ಅವರು ಗರಗಸದ ಮೇಲೆ ಕೈಯಾಡಿಸಿ, "ಉಸ್ರು ಕಟ್ಟಿತ್ತು ನೋಡ್ರಿ ಮಾಸ್ತರ್ರ, ಪಾಪ. ನಾ ಬರೇ ಬೈಕೋತ ಹಗ್ಗ ಎಳದೆ" ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಲೇಖನದ ಮೊದಲಲ್ಲಿ ಹೇಳಿದಂಥ ವಿದ್ಯಾರ್ಥಿಯೊಬ್ಬನು ನನ್ನ ತರಗತಿಯಲ್ಲಿಯೂ ಇದ್ದನು. ಜೂನ್ ತಿಂಗಳಲ್ಲಿ ಎಲ್ಲರಿಗಿಂತ ಮುಂದಿದ್ದವನು ಆಗಸ್ಟಿನಲ್ಲಿ ಬೆಂಚಿನ ಮೇಲೆ ತೂಕಡಿಸತೊಡಗಿದನು. ಹಿಂದಿನ ವರ್ಷವಾಗಿದ್ದರೆ ಆರಂಭಶೂರನೆಂದು ಜರೆದು, ಮತ್ತೆ ಮತ್ತೆ ಹಗ್ಗ ಎಳೆಯುತ್ತಿದ್ದೆನೇನೋ. ಈ ವರ್ಷ ಅವನನ್ನು ಹತ್ತಿರ ಕರೆದು, "ಯಾವ ಹೊತ್ತಿಗೆ ಮಲಗುತ್ತೀಯಪ್ಪಾ?" ಎಂದು ಮಾತ್ರ ಕೇಳಿದೆ. ಮನೆಯವರು ಹಿಡಿದಿದ್ದ ತಿಂಡಿಯ ಬಂಡಿಗೆ ನಸುಕಿನ ನಾಲ್ಕಕ್ಕೇ ಎದ್ದು ಹಿಟ್ಟು ರುಬ್ಬಿಕೊಡುತ್ತಿದ್ದನಂತೆ. ಅವನ ತಂದೆತಾಯಿಯರೊಡನೆ ಮಾತನಾಡಿ, ಓದುವುದಕ್ಕೆ ಶಾಲೆಯಲ್ಲಿಯೇ ಸಂಜೆ ಒಂದು ಗಂಟೆ ಒದಗಿಸಿದ್ದೇವೆ. ಅಕ್ಷರ ಇನ್ನೂ ಮುತ್ತಾಗಿಲ್ಲ. ಆದರೆ ಮನೆಗೆಲಸ ತಪ್ಪುತ್ತಿಲ್ಲ.